ಹೊಟ್ಟು ಉದುರುವ ತಲೆ, ಗಾದಿ ಬಿಡದ ಹಠ

ಅರಿವೆ ಅಂಗಡಿಯವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ಸೊಲ್ಲಾಪುರದಲ್ಲಿ ಅಣ್ಣನೂ ನಾನೂ ನಡೆಸುವ ಅಂಗಡಿಯಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ಈ ವರ್ಷದವಕ್ಕೆಲ್ಲ ನನ್ನ ತಲೆಯೇ ಕಾರಣ.

ಚುಕ್ಕಿ ಡಿಸೈನ್

ಚಳಿಗಾಲದಲ್ಲಿ ನನ್ನ ನೆತ್ತಿಯ ಚರ್ಮ ಸಿಪ್ಪೆ ಸಿಪ್ಪೆಯಾಗಿ ಏಳತೊಡಗಿತು. ಕೆರೆದರೂ ಉದುರುತ್ತಿತ್ತು, ಕೆರೆಯದಿದ್ದರೂ ಉದುರುತ್ತಿತ್ತು. ಬಟ್ಟೆ ವ್ಯಾಪಾರ ಅಂದರೆ ದಿನವಿಡೀ ಗಿರಾಕಿಯ ಮುಂದೆ ಬಗ್ಗಿ ಥಾನು ಬಿಚ್ಚುವ ಕೆಲಸ. ಒಂದು ದಿನ ಪ್ಯಾಂಟಿನ ಕರಿ ಬಟ್ಟೆ ಹರಡಿ ತೋರಿಸುತ್ತಿದ್ದೆ. ಗಿರಾಕಿ ಕನ್ನಡಕ ಏರಿಸಿಕೊಂಡು ಕೇಳಿದ:

"ಈ ಬಿಳಿ ಚುಕ್ಕಿ ಏನ್ರಿ?"

ನಾನು ಬಟ್ಟೆ ಮಡಚಲು ಹೋದೆ. ಅಣ್ಣ ಮಾತ್ರ ತಡವರಿಸಲಿಲ್ಲ. "ಡಿಸೈನ್ ರೀ. ನವೀನ ಮಾಲ್, ನಿನ್ನೆ ಬಂದದ."

ಗಿರಾಕಿ ಮೆಚ್ಚಿಕೊಂಡು ಒಯ್ದ. ಮರುದಿನ ಅದೇ ಬಟ್ಟೆ ಬಗಲಲ್ಲಿಟ್ಟುಕೊಂಡು ವಾಪಸ್ ಬಂದ.

"ಟೇಲರ್ ಒಮ್ಮಿ ಝಾಡಿಸಿದ ನೋಡ್ರಿ, ಡಿಸೈನ್ ಎಲ್ಲಾ ಉದುರಿ ಹೋತು."

ಅಕ್ಕಲಕೋಟದ ಸಾಲು

ಆ ಗಿರಾಕಿಗೆ ಬೇರೆ ಬಟ್ಟೆ ಕೊಟ್ಟು ಕಳಿಸಿದ ಮೇಲೆ ಅಣ್ಣ ತೀರ್ಪು ಕೊಟ್ಟ. "ತಲಿ ಸ್ವಚ್ಛ ಆಗೂತನಕ ನೀ ಗಾದಿ ಮ್ಯಾಲ ಕೂಡಬ್ಯಾಡ. ಮ್ಯಾಲಿನ ಗೋದಾಮ್ ನೋಡ್ಕೋ."

ನನಗೆ ನಿಜವಾಗಿಯೂ ನೋವಾಯಿತು. ಗಿರಾಕಿಗೆ ಎದುರಾಗಿ ಕೂತು ವ್ಯಾಪಾರ ಮಾಡುವ ಆ ಹಾಸು ನಮ್ಮಪ್ಪ ಕೂತ ಗಾದಿ. ಮೇಲಾಗಿ ಬೇಸಿಗೆಯಲ್ಲಿ ಹನ್ನೂರಿನ ಒಂದು ಮನೆತನದ ಬಸ್ತಾ ಬರುವುದಿತ್ತು. ಬಸ್ತಾ ಎಂದರೆ ಮದುವೆ ಮನೆಯವರೆಲ್ಲ ಊರಿನಿಂದ ಗಾಡಿ ಮಾಡಿಕೊಂಡು ಬಂದು, ದಿನವಿಡೀ ಕೂತು, ವರನಿಂದ ಹಿಡಿದು ಸೋದರತ್ತೆಯವರೆಗೆ ಎಲ್ಲರ ಬಟ್ಟೆಯನ್ನೂ ಒಂದೇ ಅಂಗಡಿಯಲ್ಲಿ ಕಟ್ಟಿಸುವುದು. ಅಪ್ಪ ಹೋದ ಮೇಲೆ ಆ ಮನೆತನದ ಬಸ್ತಾ ಕಟ್ಟುತ್ತ ಬಂದವನು ನಾನು. ಅಷ್ಟರೊಳಗೆ ತಲೆ ನೆಟ್ಟಗೆ ಮಾಡಿಕೊಂಡು ಗಾದಿಗೆ ಇಳಿದೇ ಇಳಿಯುತ್ತೇನೆಂದು ಹಠ ತೊಟ್ಟೆ.

ಅವ್ವ ದಿನಾ ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿದಳು. ಹೊಟ್ಟು ಇನ್ನಷ್ಟಾಯಿತು. ದೇವರಿಗಾದರೂ ಹೇಳೋಣವೆಂದು ಗುರುವಾರ ಅಕ್ಕಲಕೋಟಕ್ಕೆ ಹೋದೆ. ದರ್ಶನದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಟೋಪಿಯ ಹಿರಿಯರಿಗೆ ನನ್ನ ತಲೆ ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ.

"ನನಗೂ ಹಿಂಗಾ ಇತ್ತಪ್ಪ" ಎಂದರು. "ಬೇವಿನ ಎಲಿ, ನಿಂಬಿಹಣ್ಣು, ಮ್ಯಾಲ ತಂಬಾಕದ ನೀರು ಹಚ್ಚಿದ್ನಿ. ಈಗ ಹುಡುಕಿದ್ರೂ ಒಂದ ಹೊಟ್ಟು ಸಿಗೂದಿಲ್ಲ, ನೋಡು." ಹೀಗೆಂದು ಟೋಪಿ ತೆಗೆದರು. ಹೊಟ್ಟಂತೂ ಇರಲಿಲ್ಲ. ಕೂದಲೂ ಇರಲಿಲ್ಲ.

"ಕಾಕಾ, ಕೂದಲಾ?" ಎಂದೆ.

ಅವರು ಬೇಸರದಿಂದ ಟೋಪಿ ಹಾಕಿಕೊಂಡರು. "ಎರಡೂ ಬೇಕಂದ್ರ ಹ್ಯಾಂಗಪ್ಪ?"

ಶುಕ್ರವಾರದ ನಳ

ಕೊನೆಗೆ ಚರ್ಮದ ಡಾಕ್ಟರರ ಬಳಿ ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿ ನಕ್ಕರು. "ಇದು ಹೊಲಸಿಗೆ ಬರೂದಲ್ಲ. ಎಲ್ಲಾರ ನೆತ್ತಿ ಮ್ಯಾಲೂ ಒಂದ ನಮೂನಿ ಬೂಸರ, ಫಂಗಸ್, ಇರ್ತದ. ಜಿಡ್ಡು ಸಿಕ್ರ ಅದಕ್ಕ ಹಬ್ಬ. ನಿಮ್ಮವ್ವ ಎಣ್ಣಿ ಹಚ್ಚಿದ್ದು ನಿಮಗಲ್ಲ, ಅದಕ್ಕ ಊಟಾ ಬಡಿಸ್ಯಾರ." ಎಣ್ಣೆ ಬಿಡಬೇಕು, ಉಗುರಿನಿಂದ ಕೆರೆಯಬಾರದು, ಔಷಧದ ಶಾಂಪೂ ವಾರಕ್ಕೆ ಎರಡು ಸಲ ಹಚ್ಚಿ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆಯಬೇಕು ಎಂದರು.

ಇದನ್ನು ಕೇಳಿ ಅವ್ವ ವಾರ ಎಣಿಸತೊಡಗಿದಳು. "ಸೋಮವಾರ ಬ್ಯಾಡ. ಗುರುವಾರ ಬ್ಯಾಡ. ಶುಕ್ರವಾರ ಅಂತೂ ತಲಿ ತೊಳೀಲೇಬಾರ್ದು, ಮನ್ಯಾಗಿನ ಲಕ್ಷ್ಮಿ ಎದ್ದು ಹೋಗ್ತಾಳ."

ಆದರೆ ನಮ್ಮ ಓಣಿಗೆ ಆ ವಾರ ನಳದ ನೀರು ಬಂದದ್ದೇ ಶುಕ್ರವಾರ. ಕೊಡ ತುಂಬಿಸುವುದಕ್ಕೂ ಬಿಡದೆ ನಳದ ಕೆಳಗೆ ಕೂತೆ. ಶಾಂಪೂ ತಿಕ್ಕಿದೆ. ನೊರೆ ಹುಬ್ಬಿನವರೆಗೆ ಇಳಿಯಿತು. ಡಾಕ್ಟರರು ಹೇಳಿದ ಮಾತು ಮೀರಬಾರದೆಂದು ಕಣ್ಣು ಮುಚ್ಚಿ ಕಾದೆ. ಅಷ್ಟರಲ್ಲಿ ನಳ ಎರಡು ಸಲ ಕೆಮ್ಮಿ ನಿಂತಿತು. ಕಣ್ಣು ಉರಿಯುತ್ತಿತ್ತು, ಕೊಡಗಳೆಲ್ಲ ಖಾಲಿ.

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು: "ನಾ ಲಕ್ಷ್ಮಿ ಹೋಗ್ತಾಳ ಅಂದಿದ್ನಿ. ಆಕಿಕಿಂತ ಮೊದಲ ಗಂಗಾನಾ ಹೋದ್ಲು."

ಹನ್ನೂರಿನ ಬಸ್ತಾ

ನಾನು ಬಿಡಲಿಲ್ಲ. ಕುಡಿಯುವ ನೀರು ಕದ್ದಾದರೂ ತಲೆ ತೊಳೆದೆ. ಬೇಸಿಗೆ ಹೊತ್ತಿಗೆ ನೆತ್ತಿ ಬಹಳಷ್ಟು ತಿಳಿಯಾಯಿತು. ಕಿವಿಯ ಹಿಂದೆ ದಟ್ಟ ಕೂದಲಲ್ಲಿ ಮಾತ್ರ ಒಂದಿಷ್ಟು ಸಿಪ್ಪೆ ಉಳಿದಿತ್ತು. ಬಸ್ತಾದ ಹಿಂದಿನ ದಿನ ಅಣ್ಣ ಕರಿ ಬಟ್ಟೆ ಹಾಸಿ, ಅದರ ಮೇಲೆ ನನ್ನ ತಲೆ ಕೊಡವಿ ನೋಡಿದ. ನಾಲ್ಕಾರು ಚೂರು ಬಿದ್ದವು. "ಇನ್ನೂ ಆಗಿಲ್ಲ" ಎಂದು ಎದ್ದು ಹೋದ.

ಬೆಳಿಗ್ಗೆ ಯಾರಿಗೂ ಹೇಳದೆ ಕ್ಷೌರದ ಅಂಗಡಿಗೆ ಹೋಗಿ, "ಪೂರಾ ತೆಗಿ" ಎಂದು ಕಣ್ಣು ಮುಚ್ಚಿ ಕೂತೆ. ಎಂದೂ ಬಾಯಿ ಮುಚ್ಚದ ಕ್ಷೌರಿಕ ಅಂದು ಒಂದು ಮಾತೂ ಆಡಲಿಲ್ಲ. ಕಣ್ಣು ಬಿಟ್ಟಾಗ ಮೀಸೆಯೂ ಹೋಗಿತ್ತು. ಹೋದರೆ ಹೋಗಲಿ, ಉದುರಲು ಈಗ ಏನೂ ಉಳಿದಿಲ್ಲವಲ್ಲ ಎಂದುಕೊಂಡು ನೇರವಾಗಿ ಬಂದು ಗಾದಿಯ ಮೇಲೆ ಕೂತೆ. ಅಣ್ಣ ಹನ್ನೂರಿನವರ ಗಾಡಿ ಎದುರುಗೊಳ್ಳಲು ಚೌಕಕ್ಕೆ ಹೋಗಿದ್ದ.

ಮೊದಲು ಒಳಗೆ ಬಂದವಳು ವರನ ಅಜ್ಜಿ. ನನ್ನ ಬೋಳುತಲೆ ನೋಡಿದಳು. ಗೋಡೆಯ ಮೇಲೆ ಹಾರ ಹಾಕಿದ ಅಪ್ಪನ ಫೋಟೋ ನೋಡಿದಳು. ಅಪ್ಪ ಹೋಗಿ ವರ್ಷಗಳಾದವು. ಕಿರಿಮಗ ಈಗ ತಲೆ, ಮೀಸೆ ಬೋಳಿಸಿದ್ದಾನೆಂದರೆ ಹೋದವಳು ತಾಯಿಯೇ ಎಂದು ಲೆಕ್ಕ ಹಾಕಿದಳು. ಅಜ್ಜಿ ಅಲ್ಲೇ ಕುಸಿದು ಕೂತು ಹಾಡ್ಯಾಡಿ ಅಳತೊಡಗಿದಳು.

"ನನ್ನ ಗೆಳತೀ, ಬಂದಾಗೊಮ್ಮಿ ಹೋಳಿಗಿ ಬಡಸ್ತಿದ್ಯಲ್ಲ, ಒಂದ ಮಾತ ಹೇಳದಾ ಹೋದ್ಯಲ್ಲ..."

ಹಿಂದೆ ಬಂದ ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿದರು. "ಹಂಗೇನಿಲ್ರಿ..." ಎಂದು ನಾನು ಬಾಯಿ ತೆರೆದರೆ, ವರನ ದೊಡ್ಡಪ್ಪ ನನ್ನ ಬೆನ್ನು ಸವರಿದರು. "ಮಾತಾಡಬ್ಯಾಡಪ್ಪ. ದುಃಖ ನುಂಗ್ಕೋ." ಆಮೇಲೆ ತಮ್ಮವರ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸೂತಕದ ಮನ್ಯಾಗ ಬಸ್ತಾ ಕಟ್ಟಬಾರ್ದು. ಏಳ್ರಿ, ಬ್ಯಾರೆ ಅಂಗಡಿ ನೋಡೂಣು."

ಗಾಡಿ ನಿಲ್ಲಿಸಿ ಎಲ್ಲರ ಹಿಂದೆ ಬಂದ ಅಣ್ಣ ನನ್ನ ತಲೆ ನೋಡಿ ಬಾಗಿಲಲ್ಲೇ ಕಂಬವಾದ. ಬಸ್ತಾ ಹೋಯಿತು, ಅದರ ಜೊತೆಗೆ ಗಾದಿಯೂ ಹೋಯಿತು ಎಂದುಕೊಂಡೆ. ಆದರೂ ಗಾದಿ ಬಿಟ್ಟು ಏಳಲಿಲ್ಲ.

ಅಳು ಕೇಳಿ ಅಂಗಡಿಯ ಮೇಲೇ ಇರುವ ನಮ್ಮ ಮನೆಯಿಂದ ಅವ್ವ ಗಡಬಡಿಸಿ ಇಳಿದು ಬಂದಳು. ಹನ್ನೂರಿನವರ ಮನೆಯಲ್ಲೇ ಏನೋ ಅನಾಹುತವಾಗಿದೆ ಎಂದು ತಿಳಿದು ಅಜ್ಜಿಯ ಪಕ್ಕ ಕೂತು, ಅವಳ ಕುತ್ತಿಗೆ ತಬ್ಬಿ ತಾನೂ ಅಳತೊಡಗಿದಳು. ಹೆಂಗಸರ ಅಳು ಗಕ್ಕನೆ ನಿಂತಿತು. ಅವ್ವನೊಬ್ಬಳೇ ಅಳುತ್ತಿದ್ದಳು. ಸಾಕಷ್ಟು ಅತ್ತು, ಕಣ್ಣೊರಸಿಕೊಂಡು ಕೇಳಿದಳು: "ಯಾರ ತೀರ್ಕೊಂಡ್ರವ್ವ?"

ಅಜ್ಜಿ ಅವಳನ್ನೇ ಪಿಳಿಪಿಳಿ ನೋಡಿದಳು. "ನೀನವ್ವ."

ಅವ್ವ ನನ್ನ ತಲೆ ನೋಡಿದಳು, ಅಜ್ಜಿಯನ್ನು ನೋಡಿದಳು, ಚಪ್ಪಲಿ ಮೆಟ್ಟುತ್ತಿದ್ದ ದೊಡ್ಡಪ್ಪನನ್ನು ನೋಡಿದಳು. ಮೂಗು ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು:

"ಸತ್ತಾಕಿ ನಾನ ಹೇಳಾಕತ್ತೀನಿ, ಸೂತಕ ಇಲ್ಲ. ಚಪ್ಪಲಿ ಬಿಡ್ರಿ, ಕೂತು ಬಸ್ತಾ ಕಟ್ಟಸ್ರಿ."