ಅಪ್ಪನ ಎಡಗೈ ಮೇಲಿನ ಮೂರು ನರಗಳು

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅಪ್ಪ ಅಮ್ಮನಿಗೂ ಪರೀಕ್ಷೆ ತಪ್ಪಿದ್ದಲ್ಲ. ನನಗೆ ಮಾತ್ರ ಅದು ಮೈಮೇಲೇ ಬಂತು. ನನ್ನ ಮಗಳು ತುಮಕೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಮೊದಲ ವರ್ಷದ ಅನಾಟಮಿ ವೈವಾದಲ್ಲಿ ತೋಳಿನ ನರಗಳನ್ನು ಕೇಳಿದರಂತೆ. ಇವಳು ಒಂದರ ಹೆಸರನ್ನು ಇನ್ನೊಂದಕ್ಕೆ ಹೇಳಿ ಫೇಲಾದಳು. ಸಪ್ಲಿಮೆಂಟರಿಗೆ ಆರು ವಾರ ಇತ್ತು. ಅದೂ ಹೋದರೆ ಜೊತೆಯವರೆಲ್ಲ ಮುಂದಿನ ವರ್ಷಕ್ಕೆ ಹೋಗಿ ಇವಳೊಬ್ಬಳು ಹಿಂದೆ ಉಳಿಯಬೇಕು. ಎರಡು ದಿನ ಅತ್ತಳು. ಮೂರನೇ ದಿನ ಮೂರು ಬಣ್ಣದ ಮಾರ್ಕರ್ ಹಿಡಿದು ನನ್ನ ಮುಂದೆ ಬಂದು ಕೂತಳು.

“ಪುಸ್ತಕದ ಚಿತ್ರ ತಲೇಲಿ ನಿಲ್ತಿಲ್ಲ ಅಪ್ಪ. ಕೈ ಕೊಡು.”

ಬಲಗೈ ಊಟಕ್ಕೂ ಕೆಲಸಕ್ಕೂ ಬೇಕು. ಎಡಗೈ ಕೊಟ್ಟೆ. ಕಂಕುಳಿಂದ ಬೆರಳ ತುದಿಯವರೆಗೆ ಗೆರೆ ಎಳೆದಳು. ಕೆಂಪು ಮೀಡಿಯನ್, ನೀಲಿ ರೇಡಿಯಲ್, ಹಸಿರು ಅಲ್ನಾರ್. ಸ್ನಾನಕ್ಕೆ ಹೋಗಿ ಸೋಪು ಹಚ್ಚಿದಾಗಲೇ ಗೊತ್ತಾಗಿದ್ದು, ಅವು ಅಷ್ಟು ಸುಲಭಕ್ಕೆ ಅಳಿಸುವ ಮಾರ್ಕರ್ ಅಲ್ಲ ಅಂತ. ಇರಲಿ ಬಿಡು ಎಂದುಕೊಂಡೆ. ಮಗಳು ಪಾಸಾಗುವುದಾದರೆ ಮುಖದ ಮೇಲೆ ಬರೆಸಿಕೊಳ್ಳಲೂ ನಾನು ತಯಾರಿದ್ದೆ.

ವೈರಿಂಗ್

ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಯೂನಿಫಾರಂ ಅರ್ಧ ತೋಳಿನದು, ಮುಚ್ಚಿಡಲು ದಾರಿಯಿಲ್ಲ. ಟೀ ಹೊತ್ತಿನಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಪಕ್ಕಕ್ಕೆ ಬಂದು ಕೂತ. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾರಣ್ಣ ಈ ವೈರಿಂಗ್ ಮಾಡಿದ್ದು?”

“ನನ್ ಮಗ್ಳು.”

“ಹಸಿರು ಅಂದ್ರೆ ಅರ್ತಿಂಗು. ಕರೆಕ್ಟಾಗಿ ಕಿರುಬೆರಳಿಗೆ ಇಳ್ಸವ್ಳೆ. ಬುದ್ಧಿವಂತೆ ಬುಡು” ಎಂದು ಮೆಚ್ಚಿಕೊಂಡ. ಹಾಗೆ ಮೆಚ್ಚಿಕೊಳ್ಳುತ್ತಲೇ ಹಸಿರು ಗೆರೆ ಮೊಣಕೈಯನ್ನು ಸುತ್ತಿ ಹೋಗುವ ಜಾಗಕ್ಕೆ ಟೆಸ್ಟರಿನ ಹಿಡಿಯಿಂದ ಟಪ್ಪನೆ ಒಂದು ಬಡಿದ. “ಅಯ್ಯಪ್ಪಾ!” ಎಂದು ಹಾರಿಬಿದ್ದೆ. ಕಿರುಬೆರಳಿನ ತನಕ ಝುಂ ಎಂದಿತು. ಟೀಯೆಲ್ಲ ಪ್ಯಾಂಟಿನ ಮೇಲೆ.

ಅವನು ನಗಲಿಲ್ಲ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ ಗಂಭೀರವಾಗಿ ಹೇಳಿದ: “ಅರ್ತಿಂಗಲ್ಲೇ ಕರೆಂಟ್ ಬರ್ತಾ ಐತೆ ಕಣಣ್ಣ. ಮೈನ್ ಆಫ್ ಮಾಡಿ ಇನ್ನೊಂದ್ಸಲ ಎಳೆಯೋಕೆ ಹೇಳು.”

ಸಂಜೆ ಮಗಳಿಗೆ ಹೇಳಿದರೆ ಅವಳ ಕಣ್ಣು ಅರಳಿತು. “ಹೌದಪ್ಪ! ಅಲ್ನಾರ್ ಅಲ್ಲಿ ಮೂಳೆ ಪಕ್ಕದಲ್ಲೇ ಹೋಗುತ್ತೆ, ಮೇಲೆ ಬರೀ ಚರ್ಮ” ಎಂದು, ಖಾತ್ರಿಗೆ ಇನ್ನೂ ನಾಲ್ಕು ಸಲ ಬಡಿದು ನೋಡಿದಳು.

ಸರ್ಪಸುತ್ತು

ಆ ಭಾನುವಾರ ಗುಬ್ಬಿ ದಾಟಿ ನಿಟ್ಟೂರಿಗೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕನ ಮನೆ. ಕೈಕಾಲು ತೊಳೆಯಲೆಂದು ಅಂಗಿಯ ತೋಳು ಮಡಿಸಿದ್ದೇ ತಡ, ಅಕ್ಕ ಚೊಂಬು ಕೆಳಗೆ ಹಾಕಿದಳು.

“ಅಯ್ಯೋ ನನ್ ತಮ್ಮಾ, ಸರ್ಪಸುತ್ತು ಕಣೋ!”

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕೆಮ್ಮಣ್ಣು ಕಲಸಿಕೊಂಡು ಹಾಜರ್. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವುದರಲ್ಲಿ ಅಜ್ಜಿ ಸುತ್ತಮುತ್ತಲೆಲ್ಲ ಹೆಸರುವಾಸಿ.

“ಅಜ್ಜಿ, ಇದು ಮಗಳು...”

“ಉಶ್! ಹಚ್ಚೋವಾಗ ಮಾತಾಡಂಗಿಲ್ಲ. ಮಾತಾಡಿದ್ರೆ ಮೇಲಕ್ಕೆ ಏರ್ತದೆ.”

ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಅರ್ಧ ಗಂಟೆ ಮಾತಿಲ್ಲದೆ ಕೂತಿದ್ದೆ. ಆಮೇಲೆ ಹೇಳಿದ್ದನ್ನು ಯಾರೂ ನಂಬಲಿಲ್ಲ. ಜ್ವರಕ್ಕೆ ಏನೋ ಬಡಬಡಿಸ್ತಾನೆ ಎಂದು ಅಕ್ಕ ಹಣೆ ಮುಟ್ಟಿ ನೋಡಿದಳು.

ಮನೆಗೆ ಬಂದು ತೆಂಗಿನ ನಾರಿನಲ್ಲಿ ಉಜ್ಜಿದ್ದಕ್ಕೆ ಕೆಮ್ಮಣ್ಣಿನ ಜೊತೆ ನರಗಳೂ ಹೋದವು. ಒಂದು ವಾರ ಕಾಪಾಡಿಕೊಂಡ ಗೆರೆಗಳು! ನನಗೇ ಹೊಟ್ಟೆ ಉರಿಯಿತು. ಮಗಳು ಮಾತ್ರ, “ಒಳ್ಳೇದೇ ಆಯ್ತು. ಈ ಸಲ ಪುಸ್ತಕ ನೋಡ್ದೆ ಬರೀತೀನಿ” ಎಂದಳು. ಮಾರ್ಕರಿನ ಮುಚ್ಚಳ ತೆಗೆಯುವ ಮೊದಲೇ ಅಕ್ಕನ ವಿಡಿಯೋ ಕಾಲ್ ಬಂತು. ಪಕ್ಕದಲ್ಲಿ ಅಜ್ಜಿ. ತೊಳೆದ ಕೈ ನೋಡಿ ಅಜ್ಜಿಯ ಮುಖ ಊರಗಲವಾಯಿತು.

“ನೋಡ್ದಾ, ಸಂಜೆಗೇ ಇಳೀತು! ಒಂದೇ ಕೈಗೆ ಮೂರು ಹಾವು ಸುತ್ತಿದ್ದು ನನ್ ಸರ್ವೀಸಲ್ಲೇ ಮೊದಲು ಕಣಪ್ಪ.”

ಅರ್ಧ ಬೆರಳು

ಕುಣಿಗಲ್ ನನ್ನ ಹೆಂಡತಿಯ ತವರು. ಪರೀಕ್ಷೆಗೆ ಎರಡು ವಾರ ಇರುವಾಗ ಅಲ್ಲಿಗೆ ಹೋದೆವು. ಊಟಕ್ಕೆ ಕೂತಾಗಲೂ ಮಗಳು ಓದು ಬಿಡಲಿಲ್ಲ. ಮುದ್ದೆ ಮುರಿಯುತ್ತಿದ್ದ ತಾತನ ಬೆರಳನ್ನೇ ತೋರಿಸಿ ಪಾಠ ಒಪ್ಪಿಸಿದಳು.

“ಅಂಗೈ ಕಡೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೀಡಿಯನ್‌ಗೆ ಸೇರಿದ್ದು ತಾತ. ಕಿರುಬೆರಳು ಅಲ್ನಾರ್‌ದು. ಉಂಗುರದ ಬೆರಳು ಮಾತ್ರ ಅರ್ಧ ಅದಕ್ಕೆ, ಅರ್ಧ ಇದಕ್ಕೆ.”

ತೋಟದ ಗಡಿ ವಿಷಯಕ್ಕೆ ಜೀವಮಾನವೆಲ್ಲ ಅಲೆದ ನಮ್ಮ ಮಾವ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು.

“ಒಂದೇ ಬೆರಳು ಇಬ್ರಿಗಾ? ಮಧ್ಯ ಬದ ಎಲ್ಲೈತೆ?”

“ಕಣ್ಣಿಗೆ ಕಾಣಲ್ಲ ತಾತ.”

“ಸರ್ವೆ ಆಗೈತಾ?”

“ಕೆಲವ್ರ ಕೈಲಿ ಗಡಿ ಆಕಡೆ ಈಕಡೆ ಇರುತ್ತಂತೆ.”

“ನಂಗೊತ್ತಿತ್ತು!” ಮಾವ ತೊಡೆ ತಟ್ಟಿದರು. “ಕಾಣದೆ ಇರೋ ಬದ ನಂಬಿ ನಾನು ತಾಲ್ಲೂಕು ಆಫೀಸಿಗೆ ಎಷ್ಟು ಚಪ್ಪಲಿ ಸವೆಸಿದ್ದೀನಿ ನಿಮ್ಮಜ್ಜೀನೇ ಕೇಳು. ಪರೀಕ್ಷೇಲಿ ಕೇಳಿದ್ರೆ ಜಂಟಿ ಖಾತೆ ಅಂದ್ಬುಡವ್ವ. ಯಾವ ಆಫೀಸರ್ ಬಂದ್ರೂ ಅದನ್ನ ಬಗೆಹರಿಸಕ್ಕಾಗಲ್ಲ.”

ಬಲಗೈ

ವೈವಾ ದಿನ ರಜೆ ಹಾಕಿ ಕಾಲೇಜಿನ ಕಾರಿಡಾರಿನಲ್ಲಿ ಕೂತೆ. ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದಳು. ಮುಖ ನೋಡಿದರೆ ನಗುವೋ ಅಳುವೋ ತಿಳಿಯಲಿಲ್ಲ.

ಆಗಿದ್ದು ಇಷ್ಟು. ಪರೀಕ್ಷಕರು ತೋಳಿನ ಪ್ಲಾಸ್ಟಿಕ್ ಮಾಡೆಲ್ ಒಂದನ್ನು ಮುಂದಿಟ್ಟು ನರಗಳನ್ನು ತೋರಿಸು ಅಂದರಂತೆ. ಅದು ಬಲಗೈ. ಆರು ವಾರ ಇವಳು ಕಣ್ಣಲ್ಲಿ ತುಂಬಿಕೊಂಡಿದ್ದು ನನ್ನ ಎಡಗೈ. ಎಲ್ಲ ಉಲ್ಟಾ ಕಂಡು ತಲೆ ಖಾಲಿಯಾಯಿತಂತೆ.

“ಗೊತ್ತಿಲ್ಲ ಅಂದ್ರೆ ಹೋಗಬಹುದಮ್ಮ” ಅಂದರು ಪರೀಕ್ಷಕರು.

“ಗೊತ್ತಿದೆ ಸರ್. ಒಂದ್ ನಿಮಿಷ” ಎಂದವಳೇ ಆ ಪ್ಲಾಸ್ಟಿಕ್ ಕೈಯನ್ನು ಮಗುವಿನಂತೆ ಎತ್ತಿಕೊಂಡು ಮೂಲೆಯ ವಾಶ್ ಬೇಸಿನ್ ಹತ್ತಿರ ಹೋದಳಂತೆ. ಅಲ್ಲಿದ್ದ ಕನ್ನಡಿಗೆ ಹಿಡಿದಳು. ಕನ್ನಡಿಯೊಳಗೆ ಬಲಗೈ ಎಡಗೈ ಆಯಿತು. ಪರೀಕ್ಷಕರಿಗೆ ಬೆನ್ನು ಹಾಕಿ ನಿಂತು, ಕಂಕುಳಿಂದ ಬೆರಳ ತುದಿಯವರೆಗೆ ಒಂದೂ ತಪ್ಪದಂತೆ ಹೇಳಿಬಿಟ್ಟಳು.

“ಸರಿ ಕಣಮ್ಮ, ನಾಳೆ ಪೇಷೆಂಟು ಬಲಗೈ ನೋವು ಅಂತ ಬಂದ್ರೆ?”

“ಕ್ಲಿನಿಕ್ಕಿಗೆ ದೊಡ್ಡ ಕನ್ನಡಿ ಹಾಕಿಸ್ತೀನಿ ಸರ್.”

ಪರೀಕ್ಷಕರು ಮಾಡೆಲ್ ವಾಪಸ್ ತೆಗೆದುಕೊಂಡು ಮುಂದಿನವರನ್ನು ಕರೆದರಂತೆ. ಫಲಿತಾಂಶ ಬರುವವರೆಗೆ ನನಗೆ ಊಟ ಸೇರಲಿಲ್ಲ. ಬಂತು. ಪಾಸ್! ಹೆಂಡತಿಯ ಮುಂದೆಯೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಬಚ್ಚಲಿಗೆ ಹೋಗಿ ಚರ್ಮ ಕೆಂಪಾಗುವವರೆಗೆ ಕೈ ಉಜ್ಜಿ, ಒಗೆದ ಅಂಗಿ ತೊಟ್ಟು ಹೊರಗೆ ಬಂದೆ. ಬಾಗಿಲಲ್ಲೇ ಮಗಳು ನಿಂತಿದ್ದಳು, ಮಾರ್ಕರಿನ ಮುಚ್ಚಳ ತೆಗೆದುಕೊಂಡು.

“ಪಾಸಾಯ್ತಲ್ಲಮ್ಮ, ಇನ್ನೇನು?”

“ಪೇಷೆಂಟ್‌ಗೆ ಎರಡು ಕೈ ಇರ್ತವಲ್ಲಪ್ಪ. ಬಲಗೈ ಕೊಡು.”