ಮುತ್ತಜ್ಜನ ನಲವತ್ತು ವರ್ಷ

ಮಂಗಳವಾರ ಬೆಳಿಗ್ಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದಾಗಲೇ ಘೋಷಿಸಿಬಿಟ್ಟೆ: "ಮುತ್ತಜ್ಜನ ಇಡೀ ಜೀವನವನ್ನ ಮೂರೇ ದಿನದಲ್ಲಿ ದಾಖಲೆ ಸಮೇತ ಹೊರಗೆ ತೆಗೀತೀನಿ! ಇಪ್ಪತ್ತಾರು ವರ್ಷದಿಂದ ವರದಿಗಾರ ನಾನು. ಸತ್ತವನೊಬ್ಬನನ್ನ ಹುಡುಕೋಕಾಗಲ್ವಾ?"

"ಎರಡು ದಿನದಿಂದ ಬೀಗದ ಕೈ ಹುಡುಕ್ತಿದ್ದೀರಲ್ಲ, ಅದು ಸಿಕ್ತಾ?" ಎಂದಳು ಹೆಂಡತಿ.

ಅವಸರಕ್ಕೆ ಕಾರಣವಿತ್ತು. ಊರಿನ ಗೋಪುರದ ಗಡಿಯಾರವನ್ನು ನಲವತ್ತು ವರ್ಷ, ಒಂದು ದಿನವೂ ನಿಲ್ಲದಂತೆ ನೋಡಿಕೊಂಡವನು ನಮ್ಮ ಮುತ್ತಜ್ಜ. ಗೋಪುರಕ್ಕೆ ಅವನ ಹೆಸರಿನ ಫಲಕ ಹಾಕಲು ನಗರಸಭೆ ಒಪ್ಪಿತ್ತು. ಭಾನುವಾರ ಪರದೆ ಸರಿಸುವವರು ಎಂಬತ್ತಮೂರರ ನಮ್ಮಪ್ಪ. ಅವರು ಹೊಸ ಅಂಗಿ ಹೊಲಿಸಿಕೊಂಡು ದಿನಕ್ಕೆರಡು ಸಲ ತೊಟ್ಟು ನೋಡುತ್ತಿದ್ದರು. ಫಲಕ ಕೆತ್ತುವವನಿಗೆ ಶುಕ್ರವಾರದೊಳಗೆ ಒಕ್ಕಣೆ ಬೇಕಿತ್ತು.

ನಗರಸಭೆಯ ಕಡತದ ಕೋಣೆಯಲ್ಲಿ ಮೊದಲು ಸಿಕ್ಕಿದ್ದು ಊರಿನ ಚರಿತ್ರೆಯ ಪುಸ್ತಿಕೆ. ಹನ್ನೊಂದನೆಯ ಪುಟದಲ್ಲಿ 'ನಲವತ್ತು ವರ್ಷ' ಎಂದೇ ಅಚ್ಚಾಗಿತ್ತು! ಎದೆಯುಬ್ಬಿಸಿದೆ.

"ಅದು ಬರೀ ಅಚ್ಚಾಗಿದ್ದು ಸಾರ್. ನಡೆದಿದ್ದು ಇದರಲ್ಲಿದೆ," ಎನ್ನುತ್ತಾ ಕಡತ ನೋಡಿಕೊಳ್ಳುವಾಕೆ ಹಳೆಯ ಹಾಜರಿ ಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿದರು. ಒಂದು ಶತಮಾನದ ಧೂಳು ನನ್ನ ಮೂಗಿನೊಳಗೆ ಹೊಕ್ಕಿತು.

ಮುತ್ತಜ್ಜ ಅದರಲ್ಲಿದ್ದ. ಮೂರು ತಿಂಗಳು ಹನ್ನೆರಡು ದಿನ! ಕೊನೆಯಲ್ಲಿ ಕೆಂಪು ಶಾಯಿಯ ಷರಾ: 'ತಡವಾಗಿ ಬರುವ ಸಲುವಾಗಿ ಗಡಿಯಾರವನ್ನು ಬೆಳಿಗ್ಗೆ ಅರ್ಧ ಗಂಟೆ ಹಿಂದಕ್ಕೂ, ಬೇಗ ಹೋಗುವ ಸಲುವಾಗಿ ಸಂಜೆ ಮುಂದಕ್ಕೂ ತಿರುಗಿಸುತ್ತಿದ್ದುದರಿಂದ ಕೆಲಸದಿಂದ ತೆಗೆಯಲಾಗಿದೆ.'

ಕುಳಿತಲ್ಲಿ ಕೂರಲಾಗಲಿಲ್ಲ. ಹಾಗಾದರೆ ಪುಸ್ತಿಕೆಯವರಿಗೆ ನಲವತ್ತು ಎಂದು ಹೇಳಿದವರು ಯಾರು? ಹಿಂಬದಿಯ ಪುಟದಲ್ಲಿ ಆಧಾರ ಕೊಟ್ಟಿದ್ದರು: ನಮ್ಮದೇ ಪತ್ರಿಕೆ, ಇಪ್ಪತ್ತೆರಡು ವರ್ಷದ ಹಿಂದಿನ ಸಂಚಿಕೆ. ಕಚೇರಿಗೆ ಓಡಿ ಹಳೆಯ ಸಂಚಿಕೆ ಕೆಳಗಿಳಿಸಿದೆ. ಲೇಖನದ ಕೆಳಗೆ ನನ್ನ ಹೆಸರು!

ಸಂಜೆ ಮನೆಯಲ್ಲಿ ಅಡುಗೆಮನೆಗೂ ಬಾಗಿಲಿಗೂ ಶತಪಥ ತುಳಿಯುತ್ತಾ ನಡೆದದ್ದನ್ನು ಹೇಳಿದೆ.

"ಆ ವರದಿಗಾರನನ್ನೇ ಹಿಡಿದು ಕೇಳಿ," ಎಂದಳು ಹೆಂಡತಿ. "ಮನುಷ್ಯ ಏನು ಹೇಳಿದ್ರೂ ಸಿಕ್ಕಾಪಟ್ಟೆ ಖಚಿತವಾಗಿ ಹೇಳ್ತಾನಂತೆ."

ಅಪ್ಪನ ಬಳಿ ಹೋದೆ. ಅವರು ಹೊಸ ಅಂಗಿಯಲ್ಲಿ ಕನ್ನಡಿಯ ಮುಂದಿದ್ದರು.

"ಅಪ್ಪಾ, ಮುತ್ತಜ್ಜ ನಲವತ್ತು ವರ್ಷ ಕೆಲಸ ಮಾಡಿದ ಅಂತ ನಿಮಗೆ ಹೇಳಿದ್ಯಾರು?"

"ನೀನೇ ಕಣೋ. ಪೇಪರಲ್ಲಿ ಬರೆದಿದ್ದೆಯಲ್ಲ!"

"ನಿಮ್ಮನ್ನ ಕೇಳಿಯೇ ಬರೆದದ್ದು!"

"ನಾನು ಹೇಳಿದ್ದು 'ಸುಮಾರು ದಿನ ಇದ್ದ' ಅಂತ. ನಲವತ್ತು ಅಂತ ಲೆಕ್ಕ ಹಾಕಿದ್ದು ನೀನು."

ಷರಾದ ನಕಲನ್ನು ಕೈಗಿಟ್ಟೆ. ಎರಡು ಸಲ ಓದಿದರು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಫಲಕ ಬೇಡ ಅಂದುಬಿಡು. ಸುಳ್ಳಿನ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳಲ್ಲ ನಾನು," ಎಂದವರು ಗೋಡೆಯ ಕಡೆ ತಿರುಗಿದರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನಗುತ್ತಿದ್ದರು!

"ಮೂರು ತಿಂಗಳು ಇಡೀ ಊರನ್ನ ಬೇಗ ಮನೆಗೆ ಕಳಿಸಿದಾನಲ್ಲೋ! ನಮ್ಮ ವಂಶದಲ್ಲಿ ಊರಿಗೆ ಉಪಕಾರ ಮಾಡಿದವನು ಅವನೊಬ್ಬನೇ. ನೀನಿದೀಯ, ದಂಡಕ್ಕೆ!"

ಫಲಕದ ಕಾರ್ಯಕ್ರಮ ರದ್ದಾಗಿದೆ. ಭಾನುವಾರದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬರುತ್ತದೆ. ತಪ್ಪು ಯಾರದೆಂದು ಹೆಸರು ಹಾಕಿ ನಾನೇ ಬರೆಯಬೇಕೆಂದು ಸಂಪಾದಕರ ಅಪ್ಪಣೆ. ಆ ದಿನ ಹತ್ತು ಪ್ರತಿ ಬೇಕೆಂದು ಅಪ್ಪ ಪೇಪರಿನವನಿಗೆ ಆಗಲೇ ಹೇಳಿಟ್ಟಿದ್ದಾರೆ.