ಷಡಕ್ಷರಿಯ ಲಾರಿಗೆ ಬೇಸ್ ಬಂದ ಪ್ರಸಂಗ

ಕಡೂರಿನ ಲಾರಿ ಷಡಕ್ಷರಿಯಷ್ಟು ಉಪಕಾರ ಸ್ಮರಣೆ ಇದ್ದ ಮನುಷ್ಯ ಆ ಸೀಮೆಯಲ್ಲೇ ಇರಲಿಲ್ಲ. ಬೆಳಿಗ್ಗೆ ಎದ್ದವನೇ ಲಾರಿಯ ಹಣೆಗೆ ವಿಭೂತಿ ಬಳಿದು ಕೈ ಮುಗಿಯುತ್ತಿದ್ದ. ಅದು ಸ್ಟಾರ್ಟ್ ಆದರೆ ಇನ್ನೊಮ್ಮೆ ಮುಗಿಯುತ್ತಿದ್ದ. (ತಳ್ಳಿ ಸ್ಟಾರ್ಟ್ ಮಾಡಬೇಕಾದ ದಿನ, ತಳ್ಳಿದವರಿಗೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ.) ಹೆಂಡತಿ ಮಲ್ಲಿಕಾಂಬ ಬೈದರೆ, ‘ಬೈಯೋಕಾದ್ರೂ ಒಬ್ಬಳಿದಾಳಲ್ಲ, ಶಿವ ದೊಡ್ಡವನು’ ಎಂದು ಅದಕ್ಕೂ ಕೈ ಮುಗಿಯುತ್ತಿದ್ದ. ಇದರಿಂದ ಅವಳಿಗೆ ಬೈಗುಳದ ರುಚಿಯೇ ಕೆಟ್ಟುಹೋಗಿತ್ತು.

ಇಂಥ ತೃಪ್ತ ಜೀವಕ್ಕೂ ಒಂದು ಮುಳ್ಳು ಚುಚ್ಚುತ್ತಿತ್ತು. ಆ ಮುಳ್ಳಿನ ಹೆಸರು ಗಂಗಾಧರಯ್ಯ. ಊರು ತರೀಕೆರೆ. ಮಲ್ಲಿಕಾಂಬನ ಅಕ್ಕನ ಗಂಡ, ಅಂದರೆ ಷಡಕ್ಷರಿಗೆ ಷಡ್ಡಕ. ಅವನದೂ ಲಾರಿಯೇ.

ಇವರಿಬ್ಬರ ಅತ್ತೆ ತೀರ್ಥಮ್ಮ ಯಗಟಿಯಲ್ಲಿದ್ದರು. ಅವರ ಮನೆಯಲ್ಲಿ ಯಾವ ಶುಭಕಾರ್ಯ ನಡೆದರೂ ಎರಡು ಲಾರಿ ಹೊರಡುವುದು ವಾಡಿಕೆ. ಒಂದರಲ್ಲಿ ಜನ, ಇನ್ನೊಂದರಲ್ಲಿ ಅಡುಗೆಯ ಹಂಡೆ, ಕೊಳಗ, ಸೌದೆ, ಕುಂಬಳಕಾಯಿ. ಜನರ ಲಾರಿ ಎಂದಿಗೂ ಗಂಗಾಧರಯ್ಯನದೇ. ಹಂಡೆಯ ಲಾರಿ ಎಂದೆಂದಿಗೂ ಷಡಕ್ಷರಿಯದೇ. ಅವನು ಹಂಡೆಗಳಿಗೂ ಕೃತಜ್ಞನಾಗಿಯೇ ಇದ್ದ, ನಿಜ. ಆದರೆ ಜನರ ಲಾರಿ ಮದುವೆ ಮನೆಯ ಬಾಗಿಲಿಗೆ ಹೋಗಿ ಓಲಗದೊಂದಿಗೆ ನಿಂತರೆ, ಹಂಡೆಯ ಲಾರಿ ಹಿತ್ತಲಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಅವನನ್ನು ಎದುರುಗೊಳ್ಳುತ್ತಿದ್ದದ್ದು ಎಂಜಲೆಲೆ ಕಾಯುವ ನಾಯಿಗಳು ಮಾತ್ರ.

ತೀರ್ಥಮ್ಮನ ಕಿರಿಯ ಮಗಳಿಗೆ ಅಜ್ಜಂಪುರದ ಗಂಡು ಗೊತ್ತಾದಾಗ ಷಡಕ್ಷರಿ ಧೈರ್ಯ ಮಾಡಿ ಕೇಳಿಯೇಬಿಟ್ಟ.

“ಅತ್ತೆ, ಈ ಸಲ ದಿಬ್ಬಣ ನನ್ನ ಲಾರೀಲಿ ಬರ್ಲಿ.”

ತೀರ್ಥಮ್ಮ ಎಲೆಗೆ ಸುಣ್ಣ ಸವರುತ್ತ, “ನಿನ್ನ ಲಾರಿಗೇನಾಗಿದೆಯಪ್ಪಾ, ಚಿನ್ನದಂಥ ಲಾರಿ. ಆದ್ರೆ ಗಂಗಾಧರನ ಲಾರೀಲಿ ಹಾಡು ಬಂದು ಎದೆಗೇ ಗುದ್ದುತ್ತೆ ನೋಡು, ದಾರಿ ಸವೆದಿದ್ದೇ ಗೊತ್ತಾಗಲ್ಲ. ನಿನ್ನದು ಹಾಡಿದ್ರೆ ಕಿವೀಲಿ ಸೊಳ್ಳೆ ಹೊಕ್ಕಂಗಾಗುತ್ತೆ” ಎಂದರು.

ಟೇಪ್ ರೆಕಾರ್ಡರು ಲಾರಿಗಳಿಗೆ ಹೊಸದಾಗಿ ಬಂದಿದ್ದ ಕಾಲ ಅದು. ಸೊಳ್ಳೆ ಎಂಬ ಮಾತು ಷಡಕ್ಷರಿಯ ಎದೆಗೆ ಗಂಗಾಧರಯ್ಯನ ಹಾಡಿಗಿಂತ ಜೋರಾಗಿ ಗುದ್ದಿತು. “ಅತ್ತೆ, ಈ ಸಲ ನನ್ನ ಹಾಡಿಗೆ ದಿಬ್ಬಣದೋರ ಎದೆ ನಡುಗದೇ ಇದ್ರೆ, ಸಾಯೋವರೆಗೂ ನಿಮ್ಮ ಹಂಡೆ ನಾನೇ ಹೊರ್ತೀನಿ!” ಎಂದು ಭೀಷ್ಮನಿಗೇ ಕೇಳಿಸುವಂತೆ ಪ್ರತಿಜ್ಞೆ ಮಾಡಿದ.

“ಮಾತಿಗೆ ತಪ್ಪಬಾರ್ದು” ಎಂದರು ತೀರ್ಥಮ್ಮ. ಎಲೆ ಬಾಯಿಗೆ ಹೋಯಿತು, ಒಪ್ಪಂದ ಮುಗಿಯಿತು.

ಬೀರೂರಿನ ರೇಡಿಯೋ ರಿಪೇರಿ ದತ್ತಾತ್ರಿ ಷಡಕ್ಷರಿಯ ಲಾರಿ ಹತ್ತಿ, ಸ್ಪೀಕರಿನ ಮುಂದೆ ನಾಡಿ ಹಿಡಿದ ಪಂಡಿತನಂತೆ ಕಣ್ಣು ಮುಚ್ಚಿ ಕುಳಿತ.

“ಬೇಸ್ ಇಲ್ಲ ಕಣ್ರೀ.”

“ಅದು ಎಲ್ಲಿ ಸಿಗುತ್ತೆ?”

“ಸಿಗೋದಲ್ಲ, ಹೊಟ್ಟೆಯಿಂದ ಬರೋದು. ನಿಮ್ಮ ಸ್ಪೀಕರ್ ಗಂಟಲಲ್ಲಿ ಹಾಡ್ತಾ ಇದೆ. ಅದಕ್ಕೊಂದು ಹೊಟ್ಟೆ ಕಟ್ಟಿ. ಹೊಟ್ಟೆ ದೊಡ್ಡದಾದಷ್ಟೂ ಬೇಸ್ ದೊಡ್ಡದು.” ಇಷ್ಟು ಹೇಳಿ ದತ್ತಾತ್ರಿ ತನ್ನ ಹೊಟ್ಟೆಯನ್ನೇ ತಟ್ಟಿ ತೋರಿಸಿದ. ಉದಾಹರಣೆ ಚೆನ್ನಾಗಿತ್ತು.

ಹೊಟ್ಟೆ ಕಟ್ಟುವ ಮಹಾಯಜ್ಞ ಆರಂಭವಾಯಿತು. ಮೊದಲು ದೊಡ್ಡದೊಂದು ಹಲಗೆಯ ಪೆಟ್ಟಿಗೆ. ಅದು ಹಾಡಿಗಿಂತ ಹೆಚ್ಚಾಗಿ ತಾನೇ ಕಿರುಗುಟ್ಟಿತು. ಸಂದಿಗಳಿಗೆ ಸಗಣಿ ಮೆತ್ತಿದ. ಒಣಗಿ ಬಿರುಕು ಬಿಟ್ಟಿತು, ಕ್ಯಾಬಿನ್ನಿನ ತುಂಬ ಕೊಟ್ಟಿಗೆಯ ಘಮ. ಒಳಗೆ ಹತ್ತಿ ತುಂಬಬೇಕೆಂದು ಯಾರೋ ಹೇಳಿದರು. ಅಂದು ಮಲಗಲು ಹೋದ ಮಲ್ಲಿಕಾಂಬನಿಗೆ ದಿಂಬಿನ ಜಾಗದಲ್ಲಿ ದಿಂಬಿನ ಚೀಲ ಮಾತ್ರ ಸಿಕ್ಕಿತು.

“ನನ್ನ ದಿಂಬೆಲ್ಲಿ?”

“ಹಾಡ್ತಾ ಇದೆ ಕಣೇ.”

“ನಿಮ್ಮ ತಲೆ!”

“ಅದನ್ನೂ ಇಡ್ತಿದ್ದೆ, ಒಳಗೆ ಹಿಡಿಸಲಿಲ್ಲ” ಎಂದು ಷಡಕ್ಷರಿ ವಿನಯದಿಂದ ಹೇಳಿದ.

ಕೊನೆಗೆ ಅವನ ಕಣ್ಣು ಬಿದ್ದದ್ದು ಅಡುಗೆಮನೆಯ ಮೂಲೆಯಲ್ಲಿದ್ದ ರಾಗಿಯ ಗುಡಾಣದ ಮೇಲೆ. ಆಹಾ, ಗುಡಾಣವೇ! ಸಂದಿಯಿಲ್ಲ, ಮೊಳೆಯಿಲ್ಲ, ಕಿರುಗುಟ್ಟುವ ಹಲಗೆಯಿಲ್ಲ. ಕುಂಬಾರನು ಸ್ಪೀಕರಿಗೆಂದೇ ತಿರುಗಿಸಿದಂತೆ ದುಂಡನೆಯ ಹೊಟ್ಟೆ, ಸ್ಪೀಕರಿನ ಅಳತೆ ತೆಗೆದು ಮಾಡಿದಂತೆ ಬಾಯಿ. ತೀರ್ಥಮ್ಮ ಮಗಳಿಗೆ ಬಳುವಳಿಯಾಗಿ ಕೊಟ್ಟಿದ್ದ ಗುಡಾಣ ಅದು. ಷಡಕ್ಷರಿ ರಾಗಿಯನ್ನು ಚೀಲಕ್ಕೆ ಸುರಿದು, ಗುಡಾಣದ ಬಾಯಿಗೆ ಸ್ಪೀಕರು ಕೂರಿಸಿ, ಸುತ್ತ ಮೇಣ ಮೆತ್ತಿ, ವಿಭೂತಿ ಹಚ್ಚಿದ. ಕ್ಯಾಬಿನ್ನಿನಲ್ಲಿ ಅದಕ್ಕೆ ಹಿಡಿಸುವ ಜಾಗ ಒಂದೇ ಇತ್ತು, ಎಡಗಡೆಯ ಸೀಟು. ಅಲ್ಲಿ ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ. ಸೀಟು ಕಳೆದುಕೊಂಡ ಕ್ಲೀನರನ್ನು ಹಂಡೆ ಹೊರಲು ಗಂಗಾಧರಯ್ಯನ ಲಾರಿಗೆ ಕಳಿಸಿಕೊಟ್ಟ.

ದಿಬ್ಬಣದ ದಿನ ಯಗಟಿಯಲ್ಲಿ ತೀರ್ಥಮ್ಮ ಕ್ಯಾಬಿನ್ನಿನ ಬಾಗಿಲು ತೆಗೆದರು. ಒಳಗೆ ಮದುಮಗಳು, ಅವಳ ಪಕ್ಕ ಮಲ್ಲಿಕಾಂಬ, ಮಲ್ಲಿಕಾಂಬನ ಪಕ್ಕ ಗುಡಾಣ.

“ಏನ್ರೀ ಅಳಿಯಂದಿರೇ, ನಾನು ಕೊಟ್ಟ ಗುಡಾಣ ಮುಂದೆ ಕೂತಿದೆ. ಕೊಟ್ಟ ನಾನೆಲ್ಲಿ ಕೂರ್ಲಿ?”

“ಹಿಂದೆ ಮೆತ್ತಗೆ ಹುಲ್ಲು ಹಾಸಿದೀನಿ ಅತ್ತೆ.”

ತೀರ್ಥಮ್ಮ ಗುಡಾಣವನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಎರಡರಲ್ಲಿ ಯಾವುದು ಹೆಚ್ಚು ಟೊಳ್ಳು ಎಂದು ತೂಗುತ್ತಿದ್ದಂತಿತ್ತು. ಆಮೇಲೆ ಸೀರೆ ಎತ್ತಿ ಕಟ್ಟಿ, ಹಿಂದೆ ಹೋಗಿ ನೆಂಟರ ನಡುವೆ ಹುಲ್ಲಿನ ಮೇಲೆ ಕುಳಿತರು.

ಇಲ್ಲಿ ಲಾರಿಯ ಒಂದು ಕಟ್ಟಳೆಯನ್ನು ಹೇಳಬೇಕು. ಹಿಂದೆ ಕುಳಿತವರು ಡ್ರೈವರಿನೊಂದಿಗೆ ಬಾಯಲ್ಲಿ ಮಾತಾಡುವಂತಿಲ್ಲ, ಕೇಳಿಸುವುದಿಲ್ಲ. ಕ್ಯಾಬಿನ್ನಿನ ಬೆನ್ನಿಗೆ ಬಡಿಯಬೇಕು. ಎರಡು ಬಡಿದರೆ ಹೊರಡು. ಒಂದು ಬಡಿದರೆ ನಿಲ್ಲಿಸು. ಒಂದೇ ಸಮ ಬಡಿದರೆ, ಅನಾಹುತವಾಗಿದೆ, ಈಗಿಂದೀಗ ನಿಲ್ಲಿಸು.

ಲಾರಿ ಹೊರಟಿತು. ಟೇಪು ಹಾಡಿತು. ಮೇಲಿದ್ದ ಹಳೆಯ ಸಣ್ಣ ಸ್ಪೀಕರುಗಳು ಎಂದಿನಂತೆ ಗುಂಯ್‌ಗುಟ್ಟಿದವು. ಗುಡಾಣ ಮಾತ್ರ ಬಾವಿಗೆ ಬಿದ್ದ ಕಪ್ಪೆಯಂತೆ ಒಂದು ಬಗೆಯ ನರಳುವ ಸದ್ದು ಮಾಡಿತು. ಎದೆ ನಡುಗುವುದಿರಲಿ, ಅಂಗಿಯ ಗುಂಡಿಯೂ ಅಲುಗಲಿಲ್ಲ. ಬೀರೂರಿನವರೆಗೂ ಷಡಕ್ಷರಿಯ ಕಣ್ಣ ಮುಂದೆ ಸಾಯುವವರೆಗಿನ ಹಂಡೆಗಳೆಲ್ಲ ಸಾಲುಗಟ್ಟಿ ಬಂದವು.

“ರೀ, ಇದನ್ನ ಆರಿಸ್ರಿ. ಹುಡುಗಿಗೆ ತಲೆ ಸಿಡೀತಿದೆ” ಎಂದಳು ಮಲ್ಲಿಕಾಂಬ.

“ಸ್ವಲ್ಪ ತಡಿ. ಹೊಸ ಹೊಟ್ಟೆ, ಈಗಿನ್ನೂ ಸಡಿಲಾಗ್ತಾ ಇದೆ.”

ಬೀರೂರಿನಲ್ಲಿ ನೀರಿಗೆಂದು ಲಾರಿ ನಿಂತಿತು. ತೀರ್ಥಮ್ಮ ಮಲ್ಲಿಗೆ ಕೊಳ್ಳಲು ಇಳಿದರು. ಷಡಕ್ಷರಿ ರೇಡಿಯೇಟರಿಗೆ ನೀರು ಹಾಕಲು ಇಳಿದ. ಅವನ ಬೆನ್ನು ತಿರುಗಿದ್ದೇ ಮಲ್ಲಿಕಾಂಬ ಗುಡಾಣದ ಕೊರಳಿಗೆ ಕೈ ಹಾಕಿ ಸ್ಪೀಕರಿನ ವೈರನ್ನು ಕಿತ್ತು ಸೀಟಿನ ಅಡಿಗೆ ತುರುಕಿದಳು. ಷಡಕ್ಷರಿ ಬಂದು ಕುಳಿತ. ಅದೇ ಹೊತ್ತಿಗೆ ಹಿಂದೆ ಹಿರಿಯ ಮಾವನೊಬ್ಬರು ಚಪ್ಪಲಿಯ ಕೆಸರು ಕೊಡವಲೆಂದು ಕ್ಯಾಬಿನ್ನಿನ ಬೆನ್ನಿಗೆ ಅದನ್ನು ಎರಡು ಸಲ ಬಡಿದರು.

ಎರಡು ಬಡಿದರೆ ಹೊರಡು. ಷಡಕ್ಷರಿ ಹೊರಟ.

ಹಿಂದಿದ್ದವರು ಮೊದಲು ಕೂಗಿದರು. ಆಮೇಲೆ ಬಡಿದರು. ಒಬ್ಬರು ಬಡಿದರು, ಹತ್ತು ಜನ ಬಡಿದರು, ಹೆಂಗಸರು ಬಳೆಯ ಸಮೇತ ಬಡಿದರು. ಮುಂದೆ ಅದೇ ಗಳಿಗೆಗೆ ಹೊಸ ಹಾಡೊಂದು ಶುರುವಾಗಿತ್ತು.

ದುಂ. ದುಂ. ದುಂ ದುಂ ದುಂ.

ಷಡಕ್ಷರಿಯ ಬೆನ್ನ ಹುರಿಯಲ್ಲಿ ಮಿಂಚು ಹರಿಯಿತು. ಸೀಟು ನಡುಗಿತು, ಸ್ಟೇರಿಂಗು ನಡುಗಿತು, ಕನ್ನಡಿಯಲ್ಲಿ ಅವನ ಮುಖವೇ ನಡುಗಿತು. ಬಂತು! ಬೇಸ್ ಬಂತು! “ತಾಯೀ ಅಂತರಘಟ್ಟಮ್ಮಾ!” ಎಂದು ಎರಡೂ ಕೈ ಎತ್ತಿ ಮುಗಿದ. (ಲಾರಿ ಆ ಸಂದರ್ಭದಲ್ಲಿ ತನ್ನ ಪಾಡಿಗೆ ತಾನು ಹೋಯಿತು.) ದತ್ತಾತ್ರಿಯನ್ನು ನೆನೆದ, ಮಣ್ಣು ಕಲಸಿದ ಕುಂಬಾರನನ್ನು ನೆನೆದ, ಗುಡಾಣ ಕೊಟ್ಟ ಅತ್ತೆಯನ್ನು ನೆನೆದು ಕಣ್ಣೀರೇ ತಂದುಕೊಂಡ. ಅತ್ತೆ ಆಗ ಬೀರೂರಿನಲ್ಲಿ ಮಲ್ಲಿಗೆ ಹಿಡಿದು ನಿಂತು ಅವನನ್ನು ನೆನೆಯುತ್ತಿದ್ದರು, ಬೇರೆ ಬಗೆಯಲ್ಲಿ.

ಮಲ್ಲಿಕಾಂಬ ಗುಡಾಣವನ್ನು ಗಾಬರಿಯಿಂದ ನೋಡಿದಳು. ವೈರು ಕಿತ್ತ ಮೇಲೆ ಇದು ಇನ್ನೂ ಜೋರಾಗಿ ಬಡಿಯುತ್ತಿದೆಯಲ್ಲ! ಯಾವುದೋ ತಪ್ಪು ವೈರು ಕಿತ್ತೆನೆಂದು ಹೆದರಿ, ತಾನು ಮಾಡಿದ್ದನ್ನು ಹೇಳದೆ, ಸೆರಗಿನಿಂದ ತಂಗಿಯ ಕಿವಿ ಮುಚ್ಚಿದಳು.

ಮುಂದೆ ಒಂದು ಕಡೆ ರೈಲು ದಾರಿ ರಸ್ತೆಯ ಪಕ್ಕಕ್ಕೇ ಬಂತು. ಬೀರೂರಿನಿಂದ ಹೊರಟ ಪ್ಯಾಸೆಂಜರು ಹೊಗೆ ಬಿಡುತ್ತ ಲಾರಿಯ ಸರಿಸಮಕ್ಕೆ ಬಂತು. ಅದರ ಕಿಟಕಿಯಲ್ಲಿ ಹೆಂಗಸೊಬ್ಬರು ಮಲ್ಲಿಗೆಯ ಮಾಲೆ ಹಿಡಿದ ಕೈಯನ್ನು ಹೊರಚಾಚಿ ಬಲವಾಗಿ ಬೀಸುತ್ತಿದ್ದರು. ಅವರನ್ನು ಕಂಡದ್ದೇ ತಡ, ಹಿಂದಿದ್ದ ದಿಬ್ಬಣ ಹುಚ್ಚೆದ್ದು ಬಡಿಯಿತು. ದುಂದುಂದುಂದುಂ! ಬೇಸ್ ಮುಗಿಲು ಮುಟ್ಟಿತು.

“ನೋಡೇ, ನೋಡೇ! ರೈಲಲ್ಲಿರೋರಿಗೂ ಕೇಳಿಸ್ತಿದೆ. ಯಾರೋ ಪುಣ್ಯಾತ್ಗಿತ್ತಿ, ಕೈ ಬೀಸ್ತಾ ಇದಾಳೆ!” ಎಂದ ಷಡಕ್ಷರಿ. ಹೊಗೆಯ ನಡುವೆ ಮುಖ ಕಾಣಲಿಲ್ಲ. ಅವನು ಆ ಕಡೆಗೊಂದು ಸಲಾಮು ಹೊಡೆದ.

ರೈಲು ಮುಂದೆ ಹೋಯಿತು. ತೀರ್ಥಮ್ಮನಿಗೆ ರೈಲು ಸಿಕ್ಕಿತೆಂದು ಹಿಂದಿದ್ದವರಿಗೆ ಸಮಾಧಾನವಾಗಿ, ಊದಿದ ಕೈಗಳನ್ನು ಊದಿಕೊಳ್ಳುತ್ತ ಕುಳಿತರು. ಬೇಸ್ ತಟ್ಟನೆ ನಿಂತಿತು. ಷಡಕ್ಷರಿ ಗುಂಡಿ ತಿರುಗಿಸಿದ, ಟೇಪಿಗೆ ಗುದ್ದಿದ, ಗುಡಾಣಕ್ಕೆ ಗುದ್ದಿದ. ಬರಲಿಲ್ಲ. ಆದರೂ ಅವನು ಬೇಸರಪಡಲಿಲ್ಲ. ‘ಇಷ್ಟು ಹೊತ್ತು ಬಂತಲ್ಲ’ ಎಂದು ಮತ್ತೆ ಕೈ ಮುಗಿದ.

ಅಜ್ಜಂಪುರದ ಮದುವೆ ಮನೆ. ಓಲಗ ಮೊಳಗಿತು. ಷಡಕ್ಷರಿ ಜೀವಮಾನದಲ್ಲೇ ಮೊದಲ ಸಲ ಮುಂಬಾಗಿಲಿಗೆ ಲಾರಿ ನಿಲ್ಲಿಸಿ, ಗೆದ್ದು ಬಂದ ದಂಡನಾಯಕನಂತೆ ಇಳಿದು ಹಿಂದಕ್ಕೆ ಹೋಗಿ ಹಲಗೆ ಬಿಚ್ಚಿದ.

“ಹೆಂಗಿತ್ತು ಬೇಸ್? ಎದೆ ನಡುಗ್ತಾ?”

ಚಪ್ಪಲಿ ಬಡಿದ ಹಿರಿಯ ಮಾವ ತಮ್ಮ ಕೆಂಪು ಅಂಗೈಗಳನ್ನು ಅವನ ಮುಖಕ್ಕೆ ಹಿಡಿದರು. “ಬೇಸಾ? ಲೇ ಷಡಕ್ಷರಿ, ಬೀರೂರಿಂದ ಬಡಿದಿದ್ದು ನಾವು ಕಣೋ! ಅತ್ತೇನ ಅಲ್ಲೇ ಬಿಟ್ಟು ಬಂದಿದೀಯ, ಎದೆ ನಡುಗದೆ ಇನ್ನೇನಾಗುತ್ತೆ?”

ಷಡಕ್ಷರಿಗೆ ನೆಲವೇ ಬಾಯಿ ಬಿಟ್ಟಂತಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ, ಗಂಡಿನ ಕಡೆಯವರ ನಡುವೆ, ತೀರ್ಥಮ್ಮ. ಕೈಯಲ್ಲಿ ಕಾಫಿ ಲೋಟ, ತಲೆಯಲ್ಲಿ ಮಲ್ಲಿಗೆ. ಅವನು ಓಡಿಹೋಗಿ ಉದ್ದಕ್ಕೂ ಅಡ್ಡಬಿದ್ದ. ಹಿಂದೆಯೇ ಮಲ್ಲಿಕಾಂಬ ಬಂದು, “ಅವ್ವಾ, ಅವರದ್ದೊಂದೇ ತಪ್ಪಲ್ಲ. ವೈರು ಕಿತ್ತೋಳು ನಾನು. ಕಿತ್ತ ಮೇಲೂ ಬಡೀತಿದ್ದಾಗ ನಾನಾದ್ರೂ ಬಾಯಿ ಬಿಡಬೇಕಿತ್ತು” ಎಂದಳು.

“ಏಳಪ್ಪಾ” ಎಂದರು ತೀರ್ಥಮ್ಮ. ದನಿ ಅವರದೇ ಆಗಿತ್ತು; ಸಿಟ್ಟು ಮಾತ್ರ ಇರಲಿಲ್ಲ. “ಬೀರೂರಲ್ಲಿ ನಿಂತಾಗ ನಿನ್ನ ಸಿಗಿದು ತೋರಣ ಕಟ್ಬೇಕು ಅನ್ನಿಸಿತ್ತು. ರೈಲಲ್ಲಿ ಕಿಟಕಿ ಪಕ್ಕ ಸಿಕ್ತು ನೋಡು. ನನ್ನ ಆಯುಸ್ಸಿಗೆ ಕಿಟಕಿ ಪಕ್ಕ ಕೂತಿದ್ದು ಇವತ್ತೇ. ಯಾವಾಗ್ಲೂ ಯಾವುದಾದ್ರೂ ಮಗು ಕೂರೋದು, ನಾನು ಅದನ್ನ ಹಿಡ್ಕೊಳ್ಳೋದು. ಇವತ್ತು ಮಕ್ಕಳೂ ಇಲ್ಲ, ಮರಿಗಳೂ ಇಲ್ಲ, ನಾನೊಬ್ಬಳೇ, ಕೈ ಬೀಸ್ಕೊಂಡು ಬಂದೆ. ಇಳಿದ್ರೆ ಬೀಗರು ಸ್ಟೇಷನ್ನಿಗೇ ಗಾಡಿ ತಂದಿದ್ರು, ಯಾರನ್ನೋ ಕರೆಯೋಕೆ ಬಂದೋರು ನನ್ನೇ ಕೂರಿಸ್ಕೊಂಡ್ರು. ನಿನ್ನ ಉಪಕಾರ ಮರೆಯಲ್ಲ ಕಣೋ.”

ಷಡಕ್ಷರಿ ಎದ್ದು ಕಣ್ಣೊರೆಸಿಕೊಂಡ. ಆಸೆ ಎಂಬುದು ನಾಚಿಕೆ ಇಲ್ಲದ್ದು. “ಹಾಗಾದ್ರೆ ಅತ್ತೆ, ನಾಳೆ ವಾಪಸ್ ಹೋಗುವಾಗ್ಲೂ ಜನ ನನ್ನ ಲಾರೀಲೇ...”

“ಜನ ಗಂಗಾಧರನ ಲಾರೀಲಿ. ನಾನು ರೈಲಲ್ಲಿ. ನಿನಗೆ ಹಂಡೆ” ಎಂದರು ತೀರ್ಥಮ್ಮ. “ಅವು ಹೂವಿಗೆ ಇಳ್ಯಲ್ಲ. ಬಿಟ್ಟು ಹೋದ್ರೆ ಅಳಲ್ಲ.”

ಮದುವೆ ಚೆನ್ನಾಗಿ ನಡೆಯಿತು. ಮರುದಿನ ಹಿತ್ತಲಿನಲ್ಲಿ ಹಂಡೆ, ಕೊಳಗಗಳನ್ನು ಷಡಕ್ಷರಿಯ ಲಾರಿಗೆ ತುಂಬಿದರು. ಗುಡಾಣವನ್ನೂ ಹುಲ್ಲು ಸುತ್ತಿ ಅವುಗಳ ನಡುವೆ ಇಟ್ಟರು. ಷಡಕ್ಷರಿ ಒಂಟಿಯಾಗಿ ಹತ್ತಿ ಕೂರುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆಯಿತು. ಮಲ್ಲಿಕಾಂಬ.

“ನೀನು ರೈಲಲ್ಲಿ ಹೋಗ್ತೀಯ ಅಂದ್ರು?”

“ಅವ್ವನ ಪಕ್ಕ ಕೂತ್ರೆ ನನಗೆಲ್ಲಿ ಕಿಟಕಿ ಸಿಗುತ್ತೆ?” ಎನ್ನುತ್ತ ಅವಳು ಹತ್ತಿ ಕೂತು, ಕಾಲು ಚಾಚಿದಳು. ಷಡಕ್ಷರಿ ಕೈ ಮುಗಿಯಲು ಹೋದ. “ಸ್ಟೇರಿಂಗ್ ಹಿಡೀರಿ ಮೊದ್ಲು” ಎಂದಳು.

ಊರು ದಾಟಿದರು. ಟೇಪು ಹಾಕುವ ಮನಸ್ಸಾಗಲಿಲ್ಲ. ರಸ್ತೆಯಲ್ಲೊಂದು ಗುಂಡಿ ಬಂತು. ಚಕ್ರ ಇಳಿದು ಎದ್ದಿತು. ಹಿಂದೆ, ಊರಿಗೇ ಸಾರು ಕುದಿಸುವ ಆ ಖಾಲಿ ಹಂಡೆಗಳೆಲ್ಲ ಒಟ್ಟಿಗೆ ಎದ್ದು ಕುಳಿತವು.

ದುಮ್ಮ್ಮ್ಮ್!

ಸದ್ದು ಹಲಗೆಯಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಬಂದು ಅಲ್ಲೇ ಸ್ವಲ್ಪ ಹೊತ್ತು ಸುತ್ತಾಡಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ರೀ...” ಎಂದಳು ಮಲ್ಲಿಕಾಂಬ, ಎದೆಯ ಮೇಲೆ ಕೈಯಿಟ್ಟು. “ಇದು ಚೆನ್ನಾಗಿದೆ.”

ಮುಂದಿನ ಗುಂಡಿ ದೂರದಲ್ಲೇ ಕಾಣಿಸಿತು. ಪಕ್ಕದಲ್ಲಿ ದಾರಿ ಬೇಕಾದಷ್ಟಿತ್ತು. ಷಡಕ್ಷರಿ ಮನಸ್ಸಿನಲ್ಲೇ ಅತ್ತೆಗೊಂದು ನಮಸ್ಕಾರ ಹಾಕಿ, ಲಾರಿಯನ್ನು ಸೀದಾ ಗುಂಡಿಗೇ ಬಿಟ್ಟ.